ಹಸ್ತಪ್ರತಿಗಳ ಛಾಯಾಪ್ರತಿಯೂ ಪರದೆಯ ವರ್ಣಶುದ್ಧಿಯೂ

ಜೈನ ಪರಂಪರೆಯಲ್ಲಿ ಬಣ್ಣವು ಕೇವಲ ಅಲಂಕಾರವಲ್ಲ, ಲಕ್ಷಣವೂ ಹೌದು. ಪುದ್ಗಲದ ಗುಣಗಳಲ್ಲಿ ವರ್ಣವು ಒಂದು; ಷಡ್ಲೇಶ್ಯೆಗಳ ನಿರೂಪಣೆ ವರ್ಣವನ್ನೇ ಆಶ್ರಯಿಸಿದೆ; ತೀರ್ಥಂಕರರ ದೇಹವರ್ಣಗಳಂತೂ ನಿಯತವಾದವು. ದಿಗಂಬರ ಸಂಪ್ರದಾಯದಂತೆ ಚಂದ್ರಪ್ರಭ, ಪುಷ್ಪದಂತರು ಶ್ವೇತವರ್ಣದವರು. ಪದ್ಮಪ್ರಭ, ವಾಸುಪೂಜ್ಯರು ರಕ್ತವರ್ಣದವರು. ಸುಪಾರ್ಶ್ವ, ಪಾರ್ಶ್ವರು ಹರಿತವರ್ಣದವರು. ಮುನಿಸುವ್ರತ, ನೇಮಿನಾಥರು ನೀಲವರ್ಣದವರು. ಉಳಿದ ಹದಿನಾರು ಮಂದಿ ಸ್ವರ್ಣವರ್ಣದವರು. ಶ್ವೇತಾಂಬರ ಸಂಪ್ರದಾಯದಲ್ಲಾದರೋ ಸುಪಾರ್ಶ್ವನು ಸ್ವರ್ಣವರ್ಣದವನು, ಮಲ್ಲಿಯು ನೀಲವರ್ಣದವಳು. ಲಾಂಛನವು ಸವೆದುಹೋದ, ಹೆಡೆಗಳು ಅಳಿಸಿಹೋದ ಚಿತ್ರಪತ್ರವೊಂದರಲ್ಲಿ ಹಸುರೋ ನೀಲಿಯೋ ಎಂಬ ನಿರ್ಣಯದ ಮೇಲೆಯೇ ಬಿಂಬದ ಗುರುತು ನಿಲ್ಲುವ ಸಂದರ್ಭಗಳುಂಟು.

ಇಂದು ವಿದ್ವಾಂಸರ ಕೈಗೆ ಮೂಲ ಓಲೆಗರಿಯು ದೊರೆಯುವುದು ವಿರಳ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಳಾದಿ ಗ್ರಂಥಗಳಂತಹ ಸಚಿತ್ರ ಪ್ರತಿಗಳನ್ನು ಪದೇ ಪದೇ ತೆರೆಯುವುದು ಉಚಿತವೂ ಅಲ್ಲ. ಆದುದರಿಂದ ಪಾಠಪರಿಷ್ಕರಣವೂ ಚಿತ್ರಪರಿಶೀಲನೆಯೂ ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆಯೇ ನಡೆಯುತ್ತಿವೆ. ಆದರೆ ಒಂದೇ ಛಾಯಾಪ್ರತಿಯನ್ನು ಎರಡು ಪರದೆಗಳಲ್ಲಿ ಅಕ್ಕಪಕ್ಕ ತೆರೆದಿಟ್ಟರೆ, ಒಂದರಲ್ಲಿ ಗರಿಯು ಜೇನಿನ ಬಣ್ಣದ್ದಾಗಿಯೂ ಮತ್ತೊಂದರಲ್ಲಿ ಬೂದುಬಣ್ಣದ್ದಾಗಿಯೂ ತೋರುವುದುಂಟು. ಪರದೆಗಳು ಕಾರ್ಖಾನೆಯಿಂದ ಬರುವಾಗ ಬಹುತೇಕ ಅತಿಯಾದ ಕಾಂತಿಯನ್ನೂ ನೀಲಿಯ ಛಾಯೆಯನ್ನೂ ಹೊಂದಿರುತ್ತವೆ. ಕಾಲಕ್ರಮದಲ್ಲಿ ಅವುಗಳ ಹಿಂಬೆಳಕು ಕುಂದುತ್ತದೆ. ಕಂಟದಿಂದ ಕೊರೆದು ಮಸಿ ತುಂಬಿದ ಅಕ್ಷರಗಳಲ್ಲಿ ಮೂಲ ಮಸಿ ಯಾವುದು, ಅನಂತರ ಪುನಃ ಹಚ್ಚಿದುದು ಯಾವುದು ಎಂಬ ಸೂಕ್ಷ್ಮ ವ್ಯತ್ಯಾಸವು ಇಂತಹ ಪರದೆಯಲ್ಲಿ ಅಡಗಿಹೋಗುವುದು ಸಹಜ.

ಕಣ್ಣಿನಿಂದಲೇ ಹೊಂದಿಸಿಕೊಳ್ಳಬಹುದಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಸರಳ. ನೇತ್ರವು ತನ್ನೆದುರಿನ ಬೆಳಕಿಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಂಡು, ನೀಲಿಛಾಯೆಯ ಬಿಳುಪನ್ನೂ ಶುದ್ಧ ಬಿಳುಪೆಂದೇ ಗ್ರಹಿಸುತ್ತದೆ. ಛಾಯಾಗ್ರಹಣದ ವೇಳೆ ಗರಿಯ ಪಕ್ಕದಲ್ಲಿರಿಸುವ, 1976ರಿಂದ ಬಳಕೆಯಲ್ಲಿರುವ 24 ಚೌಕಗಳ ವರ್ಣಫಲಕವು ಚಿತ್ರವನ್ನು ಸರಿಪಡಿಸಬಲ್ಲುದೇ ಹೊರತು ಪರದೆಯನ್ನಲ್ಲ. ಪರದೆಗೆ ಬೇರೆ ಮಾಪಕವೇ ಬೇಕು.

ಈ ಮಾಪಕಗಳು ಎರಡು ವಿಧ. ಮೊದಲನೆಯದು ಕಲರಿಮೀಟರ್. ಪರದೆಯ ಮೇಲೆ ತೂಗುಹಾಕುವ ಈ ಪುಟ್ಟ ಉಪಕರಣದೊಳಗೆ ಮಾನವನೇತ್ರದ ಗ್ರಹಣಶಕ್ತಿಯನ್ನು ಅನುಕರಿಸುವ ವರ್ಣಶೋಧಕ ಗಾಜುಗಳಿರುತ್ತವೆ. ಅವುಗಳಿಗೆ ಆಧಾರವು ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1931ರಲ್ಲಿ ನಿಗದಿಗೊಳಿಸಿದ ಪ್ರಮಾಣ ವೀಕ್ಷಕ. ಅನುಕರಣೆಯು ಎಂದಿಗೂ ಪೂರ್ಣವಲ್ಲವಾದುದರಿಂದ, ಪರದೆಯ ಹಿಂಬೆಳಕಿನ ಜಾತಿಗೆ ತಕ್ಕ ತಿದ್ದುಪಡಿಯನ್ನು ತಂತ್ರಾಂಶದಲ್ಲಿ ಆಯ್ದುಕೊಳ್ಳಬೇಕಾಗುತ್ತದೆ. ಹಳೆಯ ಮಾದರಿಗಳ ಶೋಧಕಗಳು ತೇವ ಮತ್ತು ಕಾಲದಿಂದ ಮಾಸುತ್ತಿದ್ದವು. ಕರಾವಳಿಯ ಭಂಡಾರಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಗ್ಗವೆಂದು ಯಾರೋ ಬಳಸಿ ಬಿಟ್ಟ ಹಳೆಯ ಉಪಕರಣವನ್ನು ಕೊಳ್ಳುವುದು ಲೇಸಲ್ಲ.

ಎರಡನೆಯದು ಸ್ಪೆಕ್ಟ್ರೋಫೋಟೋಮೀಟರ್. ಇದು ಬೆಳಕನ್ನು ವರ್ಣಪಟಲವಾಗಿ ಬಿಡಿಸಿ, ಸಾಮಾನ್ಯವಾಗಿ 10 ನ್ಯಾನೋಮೀಟರ್ ಅಂತರದಲ್ಲಿ ಅಳೆಯುತ್ತದೆ. ಯಾವ ಜಾತಿಯ ಪರದೆಗಾದರೂ ತಿದ್ದುಪಡಿಯಿಲ್ಲದೆ ಸಲ್ಲುತ್ತದೆ. ಅಚ್ಚಾದ ಕಾಗದದ ಬಣ್ಣವನ್ನೂ ಅಳೆಯುತ್ತದೆ. ಆದರೆ ಬೆಲೆ ಬಹಳ ಹೆಚ್ಚು. ಕಡುಗಪ್ಪಿನ ಛಾಯೆಗಳಲ್ಲಿ ಅದರ ಅಳತೆ ಅಸ್ಥಿರ. ಇತ್ತೀಚಿನ ಕೆಲವು ಪರದೆಗಳ ಕೆಂಪು ಬೆಳಕು ಅತಿ ಕಿರಿದಾದ ಶಿಖರಗಳಾಗಿ ಹೊಮ್ಮುವುದರಿಂದ, 10 ನ್ಯಾನೋಮೀಟರಿನ ಜರಡಿಯು ಅಲ್ಲಿ ಸಾಕಾಗದಿರುವುದೂ ಉಂಟು. ದುಬಾರಿಯಾದುದು ಸರ್ವತ್ರ ಶ್ರೇಷ್ಠವೆಂಬ ಭಾವನೆ ಇಲ್ಲಿ ಸಲ್ಲದು.

ಹಸ್ತಪ್ರತಿಗಳನ್ನು ಪರದೆಯ ಮೇಲೆ ಓದುವುದಷ್ಟೇ ಉದ್ದೇಶವಾಗಿರುವ ಸಂಸ್ಥೆಗೆ ಒಂದು ಒಳ್ಳೆಯ ಹೊಸ ಕಲರಿಮೀಟರ್ ಸಾಕು. ಯಥಾಪ್ರತಿ ಮುದ್ರಣವನ್ನೂ ಕೈಗೊಂಡಿರುವ ಸಂಸ್ಥೆಯು ಮಾತ್ರ ಎರಡನೆಯದಕ್ಕೆ ಹಣ ವ್ಯಯಿಸಬಹುದು. ಹೆಸರುಗಳ ವಿಷಯದಲ್ಲಿ ಒಂದು ಗೊಂದಲವುಂಟು: ಎಕ್ಸ್‌-ರೈಟ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಛಾಯಾಗ್ರಾಹಕರ ಉಪಕರಣಗಳು 2021ರಿಂದ ಕ್ಯಾಲಿಬ್ರೈಟ್ ಎಂಬ ಹೆಸರಿನಲ್ಲಿ ಬರುತ್ತಿವೆ, ಡೇಟಾಕಲರ್ ಸಂಸ್ಥೆಯದು ಸ್ಪೈಡರ್. ಉಪಕರಣದೊಡನೆ ಬರುವ ತಂತ್ರಾಂಶವು ಮುಂದೊಂದು ದಿನ ನಿಂತುಹೋಗಬಹುದಾದುದರಿಂದ, ಗ್ರೇಮ್ ಗಿಲ್ ಅವರು ರಚಿಸಿದ ಆರ್ಗಿಲ್ ಸಿಎಂಎಸ್ ಎಂಬ ಮುಕ್ತ ತಂತ್ರಾಂಶವು ಆ ಮಾದರಿಯನ್ನು ಗುರುತಿಸುವುದೇ ಎಂದು ಕೊಳ್ಳುವ ಮುನ್ನ ವಿಚಾರಿಸುವುದು ಜಾಣತನ. ಉಪಕರಣ ಉಪಕರಣಗಳ ನಡುವೆಯೂ ಅಲ್ಪಸ್ವಲ್ಪ ಭೇದವಿರುವುದರಿಂದ, ಒಂದೇ ಉಪಕರಣದಿಂದ ಸಂಸ್ಥೆಯ ಎಲ್ಲ ಪರದೆಗಳನ್ನೂ ಅಳೆಯತಕ್ಕದ್ದು. ಆಗ ಇಬ್ಬರು ಸಂಪಾದಕರು ಒಂದೇ ಪತ್ರದ ಬಗೆಗೆ ವಾದಿಸುವಾಗ ಕನಿಷ್ಠಪಕ್ಷ ಒಂದೇ ಬಣ್ಣವನ್ನು ನೋಡುತ್ತಿರುತ್ತಾರೆ.

ಅಳೆಯುವ ಮೊದಲು ಪರದೆಯು ಅರ್ಧ ಗಂಟೆಯಾದರೂ ಉರಿದಿರಬೇಕು. ಕಿಟಕಿಯ ಬೆಳಕು ನೇರವಾಗಿ ಬೀಳಬಾರದು. ಬಿಳುಪಿಗೆ ಡಿ65, ಗಾಮಾ 2.2, ಕಾಂತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಎಂಬ ಪ್ರಮಾಣಗಳು ಸಾಮಾನ್ಯ ಕೋಣೆಗೆ ಒಪ್ಪುತ್ತವೆ. ಅಳತೆಯಿಂದ ಸಿದ್ಧವಾಗುವ ವರ್ಣವಿವರಣ ಕಡತವನ್ನು ಚಿತ್ರದರ್ಶಕ ತಂತ್ರಾಂಶವು ಅನುಸರಿಸದಿದ್ದರೆ ಶ್ರಮವೆಲ್ಲ ವ್ಯರ್ಥ. ವಿಶಾಲ ವರ್ಣವ್ಯಾಪ್ತಿಯ ಪರದೆಗಳಲ್ಲಿ ಹಿಂಗುಲದ ಕೆಂಪು ಬೆಂಕಿಯಂತೆ ಉರಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ತಿಂಗಳಿಗೊಮ್ಮೆ ಮರಳಿ ಅಳೆಯುವುದು ರೂಢಿ.

ಪಶ್ಚಿಮ ಭಾರತದ ಕಲ್ಪಸೂತ್ರ ಪ್ರತಿಗಳ ಸ್ವರ್ಣಮಸಿಯ ಹೊಳಪನ್ನು ಮಾತ್ರ ಯಾವ ಪರದೆಯೂ ತೋರಲಾರದು. ಏಕೆಂದರೆ ಅದು ನೋಡುವ ಕೋನದೊಡನೆ ಬದಲಾಗುವಂತಹುದು. ಅಂತಹ ಪತ್ರಗಳನ್ನು ಎರಡು ದಿಕ್ಕಿನ ಬೆಳಕಿನಲ್ಲಿ ಛಾಯಾಗ್ರಹಣ ಮಾಡಿಸಬೇಕು. ಸೂಚಿಗಳಲ್ಲಿ ಬಣ್ಣವನ್ನು ದಾಖಲಿಸುವಾಗ, ಅದು ಮೂಲವನ್ನು ಕಂಡು ಬರೆದುದೋ, ಮಾಪನಗೊಂಡ ಪರದೆಯಲ್ಲಿ ಕಂಡು ಬರೆದುದೋ, ಯಾವ ದಿನಾಂಕದ ಮಾಪನವೋ ಎಂಬುದನ್ನು ಜೊತೆಯಲ್ಲೇ ನಮೂದಿಸತಕ್ಕದ್ದು.