ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಪಿಕಪ್: ಕೇಳಿಬರುವ ಮಾತು, ಗಾಡಿ ಹೇಳುವ ನಿಜ

ಆಷಾಢದ ಮಳೆಯಲ್ಲಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಕಾಫಿ ತೋಟದ ಒಳದಾರಿ ಕಂಡವರು ಫೋರ್‌ವೀಲ್ ಡ್ರೈವ್ ಪಿಕಪ್ಪನ್ನು ಶೋಕಿಯ ವಸ್ತು ಎನ್ನುವುದಿಲ್ಲ. ಗೊಬ್ಬರದ ಮೂಟೆ, ಪಂಪ್‌ಸೆಟ್ಟು, ಡೀಸೆಲ್ ಕ್ಯಾನು, ಕೊಯ್ದ ಹಣ್ಣು, ಕಾಯಿಲೆಬಿದ್ದ ಆಳು, ಎಲ್ಲವೂ ಅದರಲ್ಲೇ ಹೋಗಬೇಕು. ಹೊಸದರ ಬೆಲೆ ಹೆಚ್ಚಿನವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಹಳೆಯ ಬೊಲೆರೊ ಕ್ಯಾಂಪರ್, ಟಾಟಾ ಝೆನಾನ್, ಸ್ಕಾರ್ಪಿಯೊ ಗೆಟ್‌ಅವೇ, 2016ರಲ್ಲಿ ನಮ್ಮ ದೇಶಕ್ಕೆ ಬಂದ ಇಸುಜು ವಿ-ಕ್ರಾಸ್, ಇವುಗಳ ಹುಡುಕಾಟ ಸದಾ ನಡೆದೇ ಇರುತ್ತದೆ.

ಹುಡುಕುವವರು ಕೇಳುವುದು ಮಾತ್ರ ಕಾರಿಗೆ ಕೇಳುವ ಪ್ರಶ್ನೆಗಳನ್ನೇ. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್, ಪೇಂಟ್ ಒರಿಜಿನಲ್ಲಾ? ಪಿಕಪ್ಪಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇದು ಇಷ್ಟು ದಿನ ಯಾವ ಕೆಲಸ ಮಾಡುತ್ತಿತ್ತು? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ, ಕೊಳ್ಳುವವರ ದಾರಿ ತಪ್ಪಿಸುವ ಎಷ್ಟೋ ನಂಬಿಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

"ಫೋರ್‌ವೀಲ್ ಒಂದು ಸಲಾನೂ ಹಾಕಿಲ್ಲ ಅಣ್ಣಾ, ಹೊಸದರ ಹಾಗೇ ಇದೆ"

ಮಾರುವವರ ಬಾಯಲ್ಲಿ ಹೆಚ್ಚು ಕೇಳುವ ಹೊಗಳಿಕೆ ಇದು. ಕೊಳ್ಳುವವರೂ ಇದನ್ನು ಕೇಳಿ ಸಮಾಧಾನ ಪಡುತ್ತಾರೆ. ನಿಜವಾಗಿ ಇದು ಎಚ್ಚರಿಕೆಯ ಮಾತು.

ಈ ಪಿಕಪ್ಪುಗಳಲ್ಲಿ ಇರುವುದು ಬೇಕಾದಾಗ ಮಾತ್ರ ಜೋಡಿಸಿಕೊಳ್ಳುವ ಫೋರ್‌ವೀಲ್. ಸಾಮಾನ್ಯ ಓಡಾಟದಲ್ಲಿ, ಅಂದರೆ 2ಎಚ್‌ನಲ್ಲಿ, ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗಷ್ಟೇ ಹೋಗುತ್ತದೆ. 4ಎಚ್‌ಗೆ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯೊಳಗೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಈ ಕಚ್ಚುವ ಕೆಲಸ ಮಾಡುವ ಫೋರ್ಕ್, ಅದನ್ನು ಸರಿಸುವ ಸಣ್ಣ ಮೋಟಾರು ಅಥವಾ ಲಿವರ್, ಮುಂದಿನ ಹಬ್ಬುಗಳು, ಪ್ರೊಪೆಲರ್ ಶಾಫ್ಟಿನ ಕ್ರಾಸ್‌ಗಳು, ಇವೆಲ್ಲ ಅಲುಗಾಡುತ್ತಿದ್ದರೆ ಚೆನ್ನಾಗಿರುವ ವಸ್ತುಗಳು. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಗ್ರೀಸ್ ಗಟ್ಟಿಯಾಗುತ್ತದೆ, ಸೀಲು ಒಣಗುತ್ತದೆ, ತುಕ್ಕು ಹಿಡಿದು ಫೋರ್ಕ್ ಜಾಮ್ ಆಗುತ್ತದೆ. ಅನೇಕ ಕಂಪನಿಗಳ ಕೈಪಿಡಿಯಲ್ಲಿ, ಅಗತ್ಯವಿಲ್ಲದಿದ್ದರೂ ಆಗಾಗ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ ಎಂದು ಬರೆದಿರುವುದು ಇದಕ್ಕೇ. ತಿಂಗಳಿಗೊಮ್ಮೆ ಹಾಕಿ ಓಡಿಸಿದ ಗಾಡಿಯೇ ಒಂದು ಸಲವೂ ಹಾಕದ ಗಾಡಿಗಿಂತ ನಂಬಿಕೆಗೆ ಅರ್ಹ.

ಪರೀಕ್ಷೆ ಕಷ್ಟವಲ್ಲ, ಆದರೆ ಟಾರು ರಸ್ತೆಯಲ್ಲಿ ಮಾಡುವಂಥದ್ದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಶಾಫ್ಟುಗಳು ಕಚ್ಚಿಕೊಂಡಿರುವಾಗ ಆ ವ್ಯತ್ಯಾಸಕ್ಕೆ ಜಾಗವಿಲ್ಲ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲಾಗದೆ ಆ ಬಿಗಿ ಪೂರ್ತಿ ಗೇರುಗಳ ಮೇಲೆ ಬೀಳುತ್ತದೆ. ಮಳೆ ಬಂದರೆ ಹೈವೇಯಲ್ಲೂ ಫೋರ್‌ವೀಲ್ ಹಾಕಿಕೊಂಡೇ ಓಡಿಸುತ್ತಿದ್ದೆ ಎಂದು ಹೆಮ್ಮೆಯಿಂದ ಹೇಳುವ ಮಾಲೀಕರ ಗಾಡಿಯನ್ನೂ ಆದ್ದರಿಂದ ಎರಡು ಸಲ ನೋಡಬೇಕು.

ಗಾಡಿಯನ್ನು ಒದ್ದೆ ಮಣ್ಣೋ ಜಲ್ಲಿಯೋ ಇರುವ ಜಾಗಕ್ಕೆ ತರಿಸಿ. 4ಎಚ್‌ಗೆ ಹಾಕಿ. ಡ್ಯಾಶ್‌ಬೋರ್ಡಿನ ದೀಪ ಮಿಣುಕುವುದು ನಿಂತು ಸ್ಥಿರವಾಗಿ ಉರಿಯಬೇಕು. ದೀಪವನ್ನಷ್ಟೇ ನಂಬಬೇಡಿ. ಜೊತೆಗೆ ಬಂದವರನ್ನು ಪಕ್ಕದಲ್ಲಿ ನಿಲ್ಲಿಸಿ, ಕೆಸರಿನಲ್ಲಿ ಮುಂದಿನ ಚಕ್ರವೂ ಎಳೆಯುತ್ತಿದೆಯೇ ನೋಡಲು ಹೇಳಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಸಾಗಿದಾಗ ಗಾಡಿ ಹಿಡಿದು ಜಗ್ಗಿದಂತಾದರೆ ಹೆದರಬೇಕಿಲ್ಲ, ಮುಂದಿನ ಆಕ್ಸಲ್ ಜೋಡಣೆಯಾಗಿದೆ ಎಂದೇ ಅರ್ಥ. ಟಕ್ ಟಕ್ ಸದ್ದು ಬಂದರೆ ಮಾತ್ರ ಜಾಯಿಂಟ್ ಸವೆದಿದೆ. ಆಮೇಲೆ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 4ಎಲ್‌ಗೆ, ಅಂದರೆ ವೇಗ ಕಡಿಮೆ, ಬಲ ಹೆಚ್ಚಿನ ಫೋರ್‌ವೀಲ್‌ಗೆ, ಹಾಕಿ. ಮ್ಯಾನುಯಲ್ ಗಾಡಿಯಾದರೆ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆಯೇ ಏರು ಹತ್ತುವಷ್ಟು ಬಲ ಕಾಣಬೇಕು. ಕೊನೆಗೆ ಮತ್ತೆ 2ಎಚ್‌ಗೆ ಬರುತ್ತದೆಯೇ ಎಂಬುದೂ ಅಷ್ಟೇ ಮುಖ್ಯ. ಹೋಗಿ ವಾಪಸ್ ಬಾರದೆ ಸಿಕ್ಕಿಕೊಳ್ಳುವ ಗಾಡಿಗಳಿವೆ.

ಇದಕ್ಕೂ ಮೊದಲು ನೋಡಬೇಕಾದ ಇನ್ನೊಂದು ವಿಷಯವಿದೆ. ಮಾಡೆಲ್ ಹೆಸರು ಕೇಳಿಯೇ ಫೋರ್‌ವೀಲ್ ಎಂದುಕೊಳ್ಳಬೇಡಿ. ಕ್ಯಾಂಪರ್‌ಗಳಲ್ಲಿ ಬಹುಪಾಲು ಎರಡೇ ಚಕ್ರದ ಎಳೆತದವು. ಝೆನಾನ್ ಎರಡೂ ಬಗೆಯಲ್ಲಿ ಬಂತು. ವಿ-ಕ್ರಾಸ್ ಕೂಡ 2021ರಿಂದ ಟೂವೀಲ್ ರೂಪದಲ್ಲೂ ಮಾರಾಟವಾಗಿದೆ. "4x4" ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಕೆಳಗೆ ಬಗ್ಗಿ ನೋಡಿ: ಮುಂದಿನ ಚಕ್ರಗಳ ನಡುವೆ ಡಿಫರೆನ್ಶಿಯಲ್ ಗುಂಡು ಇರಬೇಕು, ಅಲ್ಲಿಗೆ ಒಂದು ಶಾಫ್ಟ್ ಬಂದಿರಬೇಕು.

"ಕಿಲೋಮೀಟರ್ ಕಡಿಮೆ, ಎಸ್ಟೇಟ್ ಬಿಟ್ಟು ಹೊರಗೇ ಹೋಗಿಲ್ಲ"

ಎಸ್ಟೇಟ್ ಒಳಗೆ ಓಡುವ ಗಾಡಿಯ ಮೀಟರ್ ಕಡಿಮೆ ತೋರಿಸುವುದು ಸಹಜ. ಆದರೆ ಅದರ ಎಂಜಿನ್ ಒಂದನೇ, ಎರಡನೇ ಗೇರಿನಲ್ಲಿ, ಭಾರ ಹೊತ್ತು, ಗಂಟೆಗಟ್ಟಲೆ ದುಡಿದಿರುತ್ತದೆ. ಕ್ಲಚ್ ಪ್ಲೇಟು, ಬುಷ್‌ಗಳು, ಸ್ಟೇರಿಂಗ್ ಜಾಯಿಂಟು, ಚಾಸಿ, ಯಾವುದಕ್ಕೂ ಮೀಟರಿನ ಲೆಕ್ಕ ಅನ್ವಯಿಸುವುದಿಲ್ಲ. ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡ ಗಾಡಿ, ಐವತ್ತು ಸಾವಿರ ಕಿಲೋಮೀಟರಿನ ತೋಟದ ಗಾಡಿಗಿಂತ ಗಟ್ಟಿಯಾಗಿರುವುದು ಅಪರೂಪವೇನಲ್ಲ.

ಬಿಎಸ್-6 ಗಾಡಿಗಳಲ್ಲಿ ಇದು ಇನ್ನೂ ಮುಖ್ಯ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಂದ ಈ ನಿಯಮದ ಬಳಿಕ ಡೀಸೆಲ್ ಪಿಕಪ್ಪುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಕೂತಿದೆ. ಹಿಡಿದ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಕೆಲಹೊತ್ತು ಓಡಬೇಕು. ಡಿಪೋದಿಂದ ಕಣಕ್ಕೆ, ಕಣದಿಂದ ಮನೆಗೆ ಎಂದು ಓಡಾಡಿಕೊಂಡಿದ್ದ ಗಾಡಿಯಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಸುಡಲೆಂದು ಸಿಂಪಡಿಸಿದ ಡೀಸೆಲ್ ಆಯಿಲ್‌ಗೆ ಸೇರುವುದೂ ಉಂಟು. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮೇಲಿನ ಗೆರೆ ದಾಟಿದ್ದು, ಡೀಸೆಲ್ ವಾಸನೆ ಬಂದರೆ ಕಾರಣ ಇದೇ ಇರಬಹುದು. ಈ ಕಾಟ ಬೇಡವೆಂದು ಫಿಲ್ಟರನ್ನೇ ಒಡೆದು ತೆಗೆಸಿದವರೂ ಇದ್ದಾರೆ. ಬಿಳಿ ಬಟ್ಟೆಯಿಂದ ಸೈಲೆನ್ಸರ್ ಬಾಯಿಯ ಒಳಬದಿ ಒರೆಸಿ. ಡಿಪಿಎಫ್ ಸರಿಯಿರುವ ಗಾಡಿಯಲ್ಲಿ ಬಟ್ಟೆಗೆ ಮಸಿ ಅಂಟುವುದು ತೀರಾ ಕಡಿಮೆ. ಕಪ್ಪಗೆ ಮೆತ್ತಿಕೊಂಡರೆ ಮಾತು ಮುಂದುವರಿಸುವುದು ಬೇಡ.

"ಡೀಸೆಲ್ ಅಂದ್ಮೇಲೆ ಹೊಗೆ ಇದ್ದದ್ದೇ"

ಹಾಗೇನಿಲ್ಲ. ಹೊಗೆಯ ಬಣ್ಣವೇ ರೋಗ ಹೇಳುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗ್ ಅಥವಾ ಟರ್ಬೊ ಸವೆದಿದೆ. ದಟ್ಟ ಕಪ್ಪು ಹೊಗೆ ಎಂದರೆ ಗಾಳಿಗೆ ಹೋಲಿಸಿದರೆ ಡೀಸೆಲ್ ಹೆಚ್ಚಾಗಿದೆ: ಇಂಜೆಕ್ಟರ್, ಏರ್ ಫಿಲ್ಟರ್, ಟರ್ಬೊ ಪೈಪ್ ಯಾವುದೋ ಒಂದು ಕೆಟ್ಟಿದೆ. ಬಿಸಿಯಾದ ಮೇಲೂ ಬಿಡದ ಬಿಳಿ ಹೊಗೆ ಉರಿಯದ ಡೀಸೆಲ್ಲೋ ಒಳಸೇರಿದ ಕೂಲೆಂಟೋ ಇರುತ್ತದೆ.

ಇವೆಲ್ಲ ಚೆನ್ನಾಗಿ ಕಾಣುವುದು ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ. ನೀವು ಹೋಗುವಷ್ಟರಲ್ಲಿ ಗಾಡಿ ಬಿಸಿಯಾಗಿದ್ದರೆ, "ಈಗಷ್ಟೇ ಒಂದು ರೌಂಡ್ ಹೋಗಿಬಂದೆ" ಎಂದು ಮಾರುವವರು ಹೇಳಿದರೆ, ಮರುದಿನ ಬೆಳಗ್ಗೆ ಬರುತ್ತೇನೆ, ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಬನ್ನಿ. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ಬಿಚ್ಚಿ ನೋಡಿ. ಪುಸುಪುಸು ಎಂದು ಒತ್ತಡದಿಂದ ಹೊಗೆ ಹೊರಬಂದರೆ ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಶನ್ ಶುರುವಾಗಿದೆ, ಬೋರ್ ಕೆಲಸ ದೂರವಿಲ್ಲ. ಇಲ್ಲೊಂದು ತಪ್ಪು ಹೆದರಿಕೆಯನ್ನೂ ತೆಗೆದುಹಾಕಬೇಕು: ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದು ಆಯಿಲ್ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು, ದೋಷವಲ್ಲ.

ಡೀಸೆಲ್ ಎಂಜಿನ್‌ಗೆ ಸಾವಿಲ್ಲ ಎಂಬ ಮಾತು ಹಳೆಯ ಪಂಪ್-ನಾಝಲ್ ಜೀಪುಗಳ ಕಾಲದ್ದು. ಈಗಿನ ಕಾಮನ್ ರೈಲ್ ಎಂಜಿನ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತದೆ. ಬ್ಯಾರಲ್‌ನಲ್ಲಿಟ್ಟ ಡೀಸೆಲ್ಲಿನ ನೀರು, ಕಸ, ಬೆರಕೆ ಅದಕ್ಕೆ ವಿಷ. ಸರ್ವಿಸ್ ಬಿಲ್ಲುಗಳಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದ ದಾಖಲೆ ಹುಡುಕಿ.

"ಕೆಳಗೆಲ್ಲಾ ಹೊಸ ಕೋಟಿಂಗ್ ಹೊಡೆಸಿದ್ದೀನಿ"

ಯಾಕೆ ಹೊಡೆಸಿದರು ಎಂದು ಕೇಳಿ. ಎಂಜಿನ್ ಕೆಟ್ಟರೆ ಬೋರ್ ಮಾಡಿಸಬಹುದು, ಗೇರ್ ಬಾಕ್ಸ್ ಬದಲಿಸಬಹುದು. ಚಾಸಿ ತಿಂದುಹೋದರೆ ಗಾಡಿಯೇ ಮುಗಿಯಿತು. ಮಲ್ಪೆ, ಗಂಗೊಳ್ಳಿ ಕಡೆ ಮೀನು ಸಾಗಿಸಿದ ಗಾಡಿಯ ಕೆಳಗೆ ಉಪ್ಪು ಬೆರೆತ ಐಸ್ ನೀರು ವರ್ಷಗಟ್ಟಲೆ ತೊಟ್ಟಿಕ್ಕಿರುತ್ತದೆ. ಮೇಲಿಂದ ಕಪ್ಪು ಬಣ್ಣ ಬಳಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಗಾಡಿ ಲಿಫ್ಟ್ ಮೇಲೆ ಹತ್ತಿಸಿ, ಸಣ್ಣ ಸುತ್ತಿಗೆಯಿಂದ ಚಾಸಿಯುದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಖಣಿಲ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕೂರುವ ಜಾಗ, ತೊಟ್ಟಿಯನ್ನು ಚಾಸಿಗೆ ಬಿಗಿದ ಜಾಗ, ಹಳೆಯ ವೆಲ್ಡಿಂಗ್ ಗುರುತು, ಇವುಗಳ ಮೇಲೆ ಕಣ್ಣಿರಲಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪ್ಲೇಟು ಸೇರಿಸಿದ್ದರೆ ಗಾಡಿ ಅಳತೆ ಮೀರಿದ ಭಾರ ಹೊತ್ತಿದೆ.

ಹಳ್ಳ ದಾಟಿದ ಗಾಡಿಗಳಿಗೆ ಬೇರೆಯೇ ತೊಂದರೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದಲೋ ಬ್ರೀದರ್ ಪೈಪಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಡಿಫರೆನ್ಶಿಯಲ್ ಬೋಲ್ಟ್ ಬಿಚ್ಚಿಸಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಒಳಗಿನ ಬೇರಿಂಗುಗಳ ಆಯಸ್ಸು ಕಡಿಮೆ. 2018ರ ಆಗಸ್ಟಿನಲ್ಲಿ ಕೊಡಗು, ಕೇರಳದಲ್ಲಿ ಬಂದಂಥ ನೆರೆಯಲ್ಲಿ ಮುಳುಗಿದ ವಾಹನಗಳು ತೊಳೆಸಿಕೊಂಡು ದೂರದ ಊರುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಮ್ಯಾಟ್ ಎತ್ತಿ ನೋಡಿ. ನುಣ್ಣನೆ ಕೆಸರಿನ ಗೆರೆ ಉಳಿದಿರುತ್ತದೆ.

ಚಿಕ್ಕ ನಂಬಿಕೆಗಳೆರಡು

ಫೋರ್‌ವೀಲ್ ಇದ್ದರೆ ಗಾಡಿ ಹೂತುಹೋಗುವುದಿಲ್ಲ ಎಂಬುದು ಸುಳ್ಳು. ಲಾಕ್ ಇಲ್ಲದ ಡಿಫರೆನ್ಶಿಯಲ್ ಇದ್ದಾಗ ಎದುರುಬದುರು ಮೂಲೆಯ ಎರಡು ಚಕ್ರಗಳು ಹಿಡಿತ ಕಳೆದುಕೊಂಡರೆ ಅವೆರಡೇ ತಿರುಗುತ್ತವೆ, ಗಾಡಿ ಅಲ್ಲೇ ನಿಲ್ಲುತ್ತದೆ. ಸವೆದ ಟಯರಿಗೆ ಯಾವ ಫೋರ್‌ವೀಲೂ ಪರಿಹಾರವಲ್ಲ, ಬ್ರೇಕ್ ಹಿಡಿದಾಗಲಂತೂ ಅದರಿಂದ ಏನೂ ಉಪಯೋಗವಿಲ್ಲ. ಟಯರಿನ ಬದಿಯಲ್ಲಿರುವ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಒಂದೇ ಅಳತೆಯಲ್ಲಿರಬೇಕು.

ಫೋರ್‌ವೀಲ್ ಗಾಡಿ ಡೀಸೆಲ್ ಕುಡಿಯುತ್ತದೆ ಎಂಬುದರಲ್ಲಿ ಅರ್ಧ ನಿಜವಿದೆ. 2ಎಚ್‌ನಲ್ಲಿ ಹೆಚ್ಚುವರಿ ಕಬ್ಬಿಣದ ತೂಕ ಹೊರುವಷ್ಟು ಖರ್ಚು ಮಾತ್ರ ಹೆಚ್ಚು.

ಕಾಗದಪತ್ರದ ನಂಬಿಕೆಗಳು

"ಹತ್ತು ವರ್ಷ ದಾಟಿದ ಡೀಸೆಲ್ ಓಡಿಸುವ ಹಾಗಿಲ್ಲ" ಎಂಬ ಭಯ ನಮ್ಮ ಹಳ್ಳಿಗಳವರೆಗೂ ಬಂದಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಆ ಆದೇಶ ದೆಹಲಿ ಮತ್ತು ಅದರ ಸುತ್ತಲ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಬಿಳಿ ಬೋರ್ಡಿನ ಗಾಡಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಪಾಸಾದರೆ ಐದು ವರ್ಷಕ್ಕೊಮ್ಮೆ ನವೀಕರಣ. ದೆಹಲಿ ಕಡೆಯ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಇಲ್ಲಿಗೆ ತರುವವರು ಎನ್‌ಒಸಿ, ಇಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆ, ಮರುನೋಂದಣಿ ಸೇರಿಸಿ ಲೆಕ್ಕ ಹಾಕಬೇಕು.

ಹಳದಿ ಬೋರ್ಡಿನ ಕ್ಯಾಂಪರ್ ಓಡಿಸಲು ಬ್ಯಾಡ್ಜ್ ಬೇಕೇ ಬೇಕು ಎನ್ನುವವರಿದ್ದಾರೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಮಾಮೂಲು ಎಲ್‌ಎಂವಿ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಹಳದಿ ಬೋರ್ಡಿನ ನಿಜವಾದ ಹೊಣೆ ಎಫ್‌ಸಿ, ಅಂದರೆ ಫಿಟ್‌ನೆಸ್ ಪ್ರಮಾಣಪತ್ರ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

"ಸಹಿ ಹಾಕಿದ ಫಾರಂ ಕೈಯಲ್ಲಿದೆಯಲ್ಲ, ಆರ್‌ಸಿ ನಿಧಾನಕ್ಕೆ ಮಾಡಿಸಿದರಾಯಿತು" ಎನ್ನುವುದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಸಾಲ ಇದ್ದ ಗಾಡಿಯಾದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಇಲ್ಲದೆ ದುಡ್ಡು ಕೊಡಬೇಡಿ. ಹೊಸದು ಬಂತೆಂದು ನಿಮ್ಮ ಹಳೆಯ ಗಾಡಿ ಮಾರುವಾಗಲೂ ಇದೇ ಮಾತು: ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಬರಬೇಡಿ. ಕೊಳ್ಳುವವರ ಹೆಸರು ತುಂಬಿಸಿ, ನೀವೇ ಆರ್‌ಟಿಒಗೆ ತಿಳಿಸಿ, ವಾಹನ್ ಪೋರ್ಟಲ್‌ನಲ್ಲಿ ಹೆಸರು ಬದಲಾಗುವವರೆಗೂ ಬೆನ್ನುಹತ್ತಿ.