ಪಗಡಿ ಗ್ಯಾರೇಜಿನ ಹಳೇ ಷೆವರ್ಲೆ

ಮುಂಬಯಿಯಲ್ಲಿ ಹಳೇ ಕಾರುಗಳು ಉಳಿದದ್ದಕ್ಕೆ ಶ್ರೀಮಂತರ ಶೋಕಿ ಎಷ್ಟು ಕಾರಣವೋ ಬಾಡಿಗೆ ಕಾಯ್ದೆಯೂ ಅಷ್ಟೇ ಕಾರಣ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಮನೆಗಳ ಬಾಡಿಗೆಯನ್ನು ಹಿಡಿದು ನಿಲ್ಲಿಸಿತು. ಮನೆಗೆ ಸೇರಿದ ಗ್ಯಾರೇಜೂ ಅದರ ವ್ಯಾಪ್ತಿಗೆ ಬಂತು. ಬಾಡಿಗೆಗೆ ಪಡೆದ ಜಾಗವನ್ನು ಸಕಾರಣವಿಲ್ಲದೆ ಆರು ತಿಂಗಳು ಬಳಸದೆ ಬಿಟ್ಟರೆ ತೆರವಿಗೆ ದಾವೆ ಹೂಡಬಹುದು ಎಂಬ ಕಲಮೂ ಅದರಲ್ಲಿತ್ತು. ಹೀಗಿರುವಾಗ ಓಡದ ಕಾರನ್ನು ಗುಜರಿಗೆ ಹಾಕಿ ಗ್ಯಾರೇಜು ಖಾಲಿ ಮಾಡುವ ಧೈರ್ಯ ಯಾರಿಗೆ ಬಂದೀತು? ಅಜ್ಜ ತೀರಿಕೊಂಡರು, ಮಕ್ಕಳು ಪಾಲಿಗಾಗಿ ಕೋರ್ಟು ಹತ್ತಿದರು, ಮೊಮ್ಮಕ್ಕಳು ಅಮೆರಿಕ ಸೇರಿದರು. ಕಾರು ಮಾತ್ರ ಟಾರ್ಪಾಲು ಹೊದ್ದು ಬಾಡಿಗೆದಾರನ ಹಾಗೆ ಒಳಗೇ ಉಳಿಯಿತು. ಈಗ ಗಾಮ್‌ದೇವಿ, ಮಲಬಾರ್ ಹಿಲ್, ಬಾಂದ್ರಾ, ಖಾರ್‌ನ ಹಳೇ ಬಂಗಲೆಗಳು, ಗಂಟು ಹಣ ಕೊಟ್ಟು ಬಾಡಿಗೆ ಹಕ್ಕು ಪಡೆದ ಪಗಡಿ ಕಟ್ಟಡಗಳು ಪುನರಾಭಿವೃದ್ಧಿಗೆ ಬೀಳುತ್ತಿವೆ. ಬಿಲ್ಡರನ ಜನ ಬಂದು ಬೀಗ ಒಡೆದಾಗಲೇ ಒಳಗೊಂದು ಕಾರಿದೆ ಎಂದು ಎಷ್ಟೋ ಮನೆಯವರಿಗೆ ನೆನಪಾಗುವುದು.

ಇಷ್ಟೊಂದು ಕಾರು ಈ ಊರಿಗೆ ಬಂದದ್ದು ಹೇಗೆ? 1898ರಲ್ಲಿ ಮುಂಬಯಿಗೆ ಮೊದಲು ಬಂದ ಕಾರುಗಳಲ್ಲಿ ಒಂದು ಜಮ್‌ಶೆಟ್‌ಜಿ ಟಾಟಾ ಅವರದ್ದು ಎನ್ನುತ್ತಾರೆ. ನಿಜವಾದ ಭರಾಟೆ ಶುರುವಾದದ್ದು 1928ರಲ್ಲಿ, ಜನರಲ್ ಮೋಟರ್ಸ್ ಕಂಪನಿ ಶಿವಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆದ ಮೇಲೆ. ಬಿಡಿಭಾಗ ಹಡಗಿನಲ್ಲಿ ಬರುವುದು, ಷೆವರ್ಲೆ ಇಲ್ಲಿ ಸಿದ್ಧವಾಗುವುದು. ಹಿಂದೆಯೇ ಫೋರ್ಡ್ ಬಂತು. ವಾಲಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಜೋಡಿಸಿತು, ಆಮೇಲೆ ಫಿಯೆಟ್ ತಯಾರಿಸಿತು. ಬರೀ ಜೋಡಣೆ ಸಾಲದು, ಇಲ್ಲೇ ತಯಾರಿಸಿ ಎಂದು ಸರ್ಕಾರ ಪಟ್ಟು ಹಿಡಿದಾಗ 1950ರ ದಶಕದ ನಡುವಿನ ಹೊತ್ತಿಗೆ ಎರಡೂ ಅಮೆರಿಕನ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ಬಿಡಿಭಾಗ ನಿಂತಿತು. 1973ರ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್ ಬೆಲೆ ಏರಿದ್ದೇ, ಆರು-ಎಂಟು ಸಿಲಿಂಡರಿನ ಹೊಟ್ಟೆಬಾಕ ಕಾರುಗಳು ಒಂದೊಂದಾಗಿ ಶಟರಿನ ಹಿಂದೆ ಸರಿದವು.

ಅಂಥ ಶಟರು ತೆಗೆದಾಗ ಮೊದಲು ಬಡಿಯುವುದು ಇಲಿ ಹಿಕ್ಕೆಯ ನಾತ. ಟೈರುಗಳು ನೆಲಕ್ಕೆ ಅಂಟಿರುತ್ತವೆ. ಹಿಕ್ಕೆಯ ಜೊತೆ ಸೀಟಿನ ಕುದುರೆಕೂದಲೂ ಚೆಲ್ಲಾಡಿರುತ್ತದೆ, ಹತ್ತಿ ಹೆಣೆದ ವೈರುಗಳನ್ನು ಇಲಿ ಕತ್ತರಿಸಿರುತ್ತದೆ. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಹಳೇ ಇಂಧನ ಗಟ್ಟಿಯಾಗಿ ಅರಗಿನಂತೆ ಕೂತಿರುತ್ತದೆ. ಇಂಥ ಕಾರಿಗೆ ಹೊಸ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ತಿಳಿದ ಮಿಸ್ತ್ರಿ ಮೊದಲು ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ತೆಳು ಎಣ್ಣೆ ಬಿಟ್ಟು ಕೆಲವು ದಿನ ಸುಮ್ಮನಿರುತ್ತಾನೆ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ಅಲುಗಿಸಿ ನೋಡುತ್ತಾನೆ. ಕಾಲು ಸುತ್ತು ಸರಿದರೂ ಪಿಸ್ಟನ್‌ಗೆ ಜೀವವಿದೆ ಎಂದರ್ಥ. ಸರಿಯದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಬಲ ಪ್ರಯೋಗಿಸಿದರೆ ರಿಂಗು ಮುರಿಯುತ್ತದೆ. ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದರಿಂದ ತಳ್ಳಿ ಹೊರತೆಗೆಯುವುದೂ ಸಲೀಸಲ್ಲ.

ಲೋಹಕ್ಕಿಂತ ಹೆಚ್ಚು ಕಾಡುವುದು ಮರ. 1928ರ ಷೆವರ್ಲೆಯ ಮೈ ಹೊರಗಿನಿಂದ ಉಕ್ಕಿನ ತಗಡು, ಒಳಗೆ ಮರದ ಚೌಕಟ್ಟು. ಸಮುದ್ರದ ಉಪ್ಪುಗಾಳಿ ತಗಡನ್ನು ತಿಂದರೆ ಗೆದ್ದಲು ಚೌಕಟ್ಟನ್ನು ತಿಂದಿರುತ್ತದೆ. ಬಾಗಿಲು ಎತ್ತಿದರೆ ಹಿಂಜಿನ ಸಮೇತ ಕೈಗೆ ಬರುವುದುಂಟು. ಆದ್ದರಿಂದ ಒಂದೂ ಬೋಲ್ಟು ಬಿಚ್ಚುವ ಮುನ್ನ ಎಲ್ಲ ಮಗ್ಗುಲಿನಿಂದ ಫೋಟೊ ತೆಗೆಯುತ್ತಾರೆ. ಮುರಿದ ಮರದ ಚೂರನ್ನೂ ಎಸೆಯುವುದಿಲ್ಲ, ಬಡಗಿಗೆ ಅದೇ ಅಳತೆ. ಮೂಲ ಬಣ್ಣ ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಕೆಳಗೆ ಕೆರೆದು ನೋಡುತ್ತಾರೆ. ಆಮೇಲೆ ಹೊಡೆಸಿದ ಬಣ್ಣ ಅಲ್ಲಿಗೆ ತಲುಪಿರುವುದಿಲ್ಲ.

ಬಿಡಿಭಾಗಕ್ಕೆ ಚೋರ್ ಬಜಾರ್, ಕುರ್ಲಾದ ಗುಜರಿ ಸಾಲು, ಆಪೆರಾ ಹೌಸಿನ ಸ್ಪೇರ್ಸ್ ಅಂಗಡಿಗಳನ್ನು ಸುತ್ತಬೇಕು. ಹೆಡ್‌ಲೈಟಿನ ರಿಮ್ಮು, ಡೋರ್ ಹ್ಯಾಂಡಲ್ ಸಿಕ್ಕರೂ ಸಿಗಬಹುದು. ಸಿಗದ್ದನ್ನು ಲೇತಿನಲ್ಲಿ ಕಡೆಯಿಸಬೇಕು, ಇಲ್ಲವೇ ವಿದೇಶದಿಂದ ತರಿಸಬೇಕು. ದುಡ್ಡಿದ್ದವರು ಈ ಹಂತದಲ್ಲಿ ಕ್ರೋಮು ಬಳಿದು, ಕನ್ನಡಿ ಹೊಳಪಿನ ಪೇಂಟ್ ಹೊಡೆಸಿ, ಎಸಿ ಕೂರಿಸಿ ಮದುವೆ ಕಾರು ಮಾಡಿಬಿಡುತ್ತಾರೆ. ನನಗೆ ಅದು ಹಿಡಿಸದು. ಕಾನೂನಿಗೂ ಹಿಡಿಸದು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನವೇ ವಿಂಟೇಜ್. ಪೆಟ್ರೋಲ್ ಉಳಿಸಲು ಹಿಂದೊಮ್ಮೆ ಡೀಸೆಲ್ ಎಂಜಿನ್ ಕೂರಿಸಿಕೊಂಡ ಕಾರುಗಳಿಗೆ ಇದೇ ತೊಡಕು. ಹೊಸ ನೋಂದಣಿಗೆ 20,000 ರೂಪಾಯಿ, ಪ್ರಮಾಣಪತ್ರಕ್ಕೆ 10 ವರ್ಷದ ಆಯುಸ್ಸು. ನಂಬರಿನಲ್ಲಿ ರಾಜ್ಯದ ಸಂಕೇತದ ಜೊತೆ ‘ವಿಎ’ ಅಕ್ಷರ ಬರುತ್ತದೆ. ಮೊದಲೇ ನೋಂದಾಯಿತ ಕಾರು ‘ಬಿಎಂ’ ಎಂದು ಶುರುವಾಗುವ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನದ ಓಡಾಟಕ್ಕೆ, ಬಾಡಿಗೆಗೆ ಅದನ್ನು ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ದುರಸ್ತಿ ಇಷ್ಟಕ್ಕೇ ರಸ್ತೆ.

ಹೀಗೆ ಎದ್ದು ಬಂದ ಕಾರುಗಳನ್ನು ನೋಡಬೇಕೆಂದರೆ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ರ‍್ಯಾಲಿಗೆ ಹೋಗಬೇಕು. ಫೋರ್ಟಿನ ಹಾರ್ನಿಮನ್ ಸರ್ಕಲ್ ಬಳಿ ಅವು ಸಾಲುಗಟ್ಟುತ್ತವೆ, 1903ರ ಹಂಬರ್ ಕೂಡ ಆ ಸಾಲಿನಲ್ಲಿ ಕಾಣಿಸಿಕೊಂಡಿದೆ. ಸಂಸ್ಥಾನಿಕರ ಕಾರುಗಳನ್ನು ಕೊಂಡು ಉಳಿಸಿದ ಮುಂಬಯಿಯ ಉದ್ಯಮಿ ಪ್ರಾಣಲಾಲ್ ಭೋಗಿಲಾಲ್ ಅವರ ಸಂಗ್ರಹ ಅಹಮದಾಬಾದಿನ ಹತ್ತಿರ ಕಠವಾಡಾದಲ್ಲಿದೆ. ಕರ್ನಾಟಕಕ್ಕೆ ಬಂದಾಗ ನೋಡುವುದಾದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದ ‘ಪಯಣ’ ಕಾರು ಸಂಗ್ರಹಾಲಯ ಇದೆ. ಎರಡರ ಹಿಂದೆಯೂ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಆಸಕ್ತಿ ದುಡಿದಿದೆ.

ಇನ್ನು ಸರದಿ ಪ್ರೀಮಿಯರ್ ಕಂಪನಿಯದೇ ಪದ್ಮಿನಿ ಕಾರಿನದು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 20 ವರ್ಷದ ಮಿತಿ ಮುಗಿಸಿ ರಸ್ತೆಯಿಂದ ಇಳಿದವು. ಮನೆಬಳಕೆಯ ಪದ್ಮಿನಿ, ಅದರ ಹಿಂದಿನ ಫಿಯೆಟ್ ಡಿಲೈಟ್‌ಗಳು ದಾದರ್, ಮಾಟುಂಗ, ಮುಲುಂಡಿನ ಕಾಂಪೌಂಡುಗಳಲ್ಲಿ ಇನ್ನೂ ಧೂಳು ತಿನ್ನುತ್ತಿವೆ. ನಿಮ್ಮ ಕಟ್ಟಡದಲ್ಲೂ ಒಂದಿದ್ದರೆ, ಗುಜರಿಯವನಿಗೆ ಫೋನ್ ಮಾಡುವ ಮೊದಲು ಕಪಾಟಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ, ಚಾಸಿ ನಂಬರನ್ನು ತಾಳೆ ನೋಡಿ. ಕಾಗದವಿದ್ದ ತುಕ್ಕು ಕಾರನ್ನು ಎಬ್ಬಿಸಬಹುದು. ಕಾಗದ ಕಳೆದ ಕಾರು ಎಷ್ಟೇ ಚೆನ್ನಾಗಿದ್ದರೂ ಆರ್‌ಟಿಒ ಬಾಗಿಲಲ್ಲೇ ನಿಲ್ಲುತ್ತದೆ.