ರಟ್ಟಿನ ಚೂರಿನಲ್ಲಿ ನಾಳೆಯ ತಾರೆ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಚೂಯಿಂಗ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಕ್ಕಾಗಿ ಹಟ ಹಿಡಿದ ನೆನಪು ಇಂದಿನ ಅನೇಕ ತಂದೆ ತಾಯಿಯರಿಗೂ ಇದ್ದೀತು. ಆದರೆ ಆ ಚಿತ್ರಗಳಲ್ಲಿ ಇದ್ದವರು ಆಗಲೇ ಹೆಸರು ಮಾಡಿದವರು. ಇನ್ನೂ ಯಾರಿಗೂ ಗೊತ್ತಿಲ್ಲದ ಹುಡುಗನ ಚಿತ್ರವನ್ನು, 'ಮುಂದೆ ಇವನು ದೊಡ್ಡ ಆಟಗಾರನಾದಾನು' ಎಂಬ ಒಂದೇ ನಂಬಿಕೆಯಿಂದ ಜೋಪಾನ ಮಾಡುವವರನ್ನು ಕಂಡಿದ್ದೀರಾ? ಅಮೆರಿಕದ ಬೇಸ್‌ಬಾಲ್ ಪ್ರೇಮಿಗಳಲ್ಲಿ ಅಂಥವರು ಬಹಳ ಮಂದಿ.

ಸಿಗರೇಟಿನ ಪೊಟ್ಟಣದಿಂದ ಆರಂಭ

1880ರ ದಶಕದಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳು, ಪೊಟ್ಟಣ ಬಾಗಿ ಸಿಗರೇಟು ಹಾಳಾಗದಿರಲೆಂದು ಒಳಗೊಂದು ರಟ್ಟಿನ ಚೂರು ಇಡುತ್ತಿದ್ದವು. ಬರಿಯ ರಟ್ಟೇಕೆ ಎಂದು ಅದರ ಮೇಲೆ ಆಟಗಾರರ ಚಿತ್ರ ಅಚ್ಚಾಯಿತು. 1930ರ ದಶಕದಲ್ಲಿ ಈ ಚಿತ್ರಗಳು ಚೂಯಿಂಗ್ ಗಮ್ ಪೊಟ್ಟಣಕ್ಕೆ ಬಂದು ಮಕ್ಕಳ ಕೈ ಸೇರಿದವು. ಇಂದಿನ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಮುಂಭಾಗದಲ್ಲಿ ಚಿತ್ರ, ಹಿಂಭಾಗದಲ್ಲಿ ಎತ್ತರ, ತೂಕ, ಹುಟ್ಟೂರು ಮತ್ತು ಆಟದ ಅಂಕಿಅಂಶ.

ಅಲ್ಲಿನ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. 2021ರಿಂದ ಪ್ರತಿ ದೊಡ್ಡ ತಂಡದ ಕೆಳಗೆ ನಾಲ್ಕು ಮೆಟ್ಟಿಲಿನ ನಾಲ್ಕು ಕಿರಿಯ ತಂಡಗಳು: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಇವೇ ಮೈನರ್ ಲೀಗ್. ಶಾಲೆಯಿಂದ ಬಂದ ಹುಡುಗ ಸಾಮಾನ್ಯವಾಗಿ ಈ ಮೆಟ್ಟಿಲುಗಳನ್ನು ಹತ್ತಿಯೇ ಮೇಲೆ ಹೋಗಬೇಕು. ಅವನಿಗೆ 'ಪ್ರಾಸ್ಪೆಕ್ಟ್' ಎಂದು ಹೆಸರು. ಭರವಸೆಯ ಕುಡಿ ಎಂದಿಟ್ಟುಕೊಳ್ಳಿ. ಸಣ್ಣ ಊರಿನ ಕ್ರೀಡಾಂಗಣದ ಅಂಗಡಿಯಲ್ಲಿ ಆ ವರ್ಷದ ತಂಡದ ಪೂರ್ತಿ ಕಾರ್ಡುಗಳ ಕಟ್ಟು ಸಿಗುತ್ತದೆ. ಎಷ್ಟೋ ಕಟ್ಟುಗಳಲ್ಲಿ ತರಬೇತುದಾರರಿಗೂ ಒಂದೊಂದು ಕಾರ್ಡು ಇರುತ್ತದೆ!

ಒಂದೇ ಪೆಟ್ಟಿಗೆಯ ಮೂವರು

ನ್ಯೂಯಾರ್ಕ್ ಯಾಂಕೀಸ್ ತಂಡದ ಅಭಿಮಾನಿಯೊಬ್ಬ 1990ರ ದಶಕದ ಮೊದಲಲ್ಲಿ ತನ್ನ ತಂಡದ ಎಲ್ಲ ಕುಡಿಗಳ ಕಾರ್ಡು ಕೂಡಿಟ್ಟಿದ್ದ ಎಂದು ಭಾವಿಸೋಣ. ಅವನ ಪೆಟ್ಟಿಗೆಯಲ್ಲಿ ಏನಿದ್ದೀತು?

ಮೊದಲನೆಯವ ಬ್ರಿಯೆನ್ ಟೇಲರ್. ಎಡಗೈಯಲ್ಲಿ ಬಿರುಸಾಗಿ ಚೆಂಡೆಸೆಯುವವ. 1991ರಲ್ಲಿ ದೇಶದ ಎಲ್ಲ ಹೊಸಬರ ಪೈಕಿ ಮೊದಲಿಗನಾಗಿ ಆಯ್ಕೆಯಾದ. ಸಹಿ ಹಾಕಿದ್ದಕ್ಕೇ 15.5 ಲಕ್ಷ ಡಾಲರ್ ಸಿಕ್ಕಿತು. ಅವನ ಕಾರ್ಡಿಗೆ ಎಲ್ಲರೂ ಮುಗಿಬಿದ್ದರು. 1993ರ ಡಿಸೆಂಬರಿನಲ್ಲಿ ಜಗಳವೊಂದರಲ್ಲಿ ಭುಜಕ್ಕೆ ಪೆಟ್ಟಾಯಿತು. ಆತ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಎರಡನೆಯವ ಡೆರೆಕ್ ಜೀಟರ್. 1992ರಲ್ಲಿ ಆರನೆಯವನಾಗಿ ಆಯ್ಕೆಯಾದವ. 1993ರಲ್ಲಿ ಗ್ರೀನ್ಸ್‌ಬರೋ ಊರಿನ ಕಿರಿಯ ತಂಡದಲ್ಲಿ ಫೀಲ್ಡಿಂಗ್ ಮಾಡುತ್ತ ಒಂದೇ ಋತುವಿನಲ್ಲಿ 56 ತಪ್ಪು ಮಾಡಿದ. ಆ ಅಂಕಿ ನೋಡಿದವರು ಏನೆಂದುಕೊಂಡಿರಬೇಡ!

ಮೂರನೆಯವ ಮರಿಯಾನೊ ರಿವೆರಾ. ಪನಾಮಾ ದೇಶದ ಮೀನುಗಾರನ ಮಗ. 1990ರಲ್ಲಿ ಎರಡು ಮೂರು ಸಾವಿರ ಡಾಲರಿಗೆ ತಂಡ ಸೇರಿದ. 1992ರ ಬೌಮನ್ ಕಾರ್ಡಿನಲ್ಲಿ ಅವನಿಗೆ ತಂಡದ ಸಮವಸ್ತ್ರವೂ ಇಲ್ಲ, ಮನೆಯ ಸಾದಾ ಉಡುಪು. ಅದೇ ವರ್ಷ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಹೊಸದಾಗಿ ಹುಟ್ಟಿದ ಎರಡು ತಂಡಗಳು ಬೇರೆಯವರಿಂದ ಆಟಗಾರರನ್ನು ಆರಿಸಿಕೊಳ್ಳುವಾಗ ಯಾಂಕೀಸ್ ತಂಡ ಅವನನ್ನು 'ಬೇಕಾದರೆ ಒಯ್ಯಿರಿ' ಎಂಬ ಪಟ್ಟಿಯಲ್ಲೇ ಬಿಟ್ಟಿತ್ತು. ಯಾರೂ ಒಯ್ಯಲಿಲ್ಲ!

ಮುಂದಿನದು ಚರಿತ್ರೆ. ಜೀಟರ್ 3,465 ಹಿಟ್‌ಗಳನ್ನು ಗಳಿಸಿದ. ರಿವೆರಾ 2019ರಲ್ಲಿ, ಎಲ್ಲ 425 ಮತಗಳನ್ನೂ ಪಡೆದು ಹಾಲ್ ಆಫ್ ಫೇಮ್ ಸೇರಿದ ಮೊದಲ ಆಟಗಾರನಾದ.

ವ್ಯಾಪಾರಿಯೂ ಅಭಿಮಾನಿಯೂ

ಇಲ್ಲಿ ಎರಡು ಬಗೆಯ ಸಂಗ್ರಾಹಕರಿದ್ದಾರೆ. ಒಬ್ಬನಿಗೆ ಬೆಲೆಯೇ ಮುಖ್ಯ. ಆಸೆಗೂ ಕಾರಣವಿದೆ: 2009ರಲ್ಲಿ 25ನೆಯವನಾಗಿ ಆಯ್ಕೆಯಾದ ಮೈಕ್ ಟ್ರೌಟ್‌ನ ಸಹಿಯಿದ್ದ, ಆ ಬಗೆಯದು ಒಂದೇ ಒಂದು ಅಚ್ಚಾದ ಕಾರ್ಡು 2020ರಲ್ಲಿ 39 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಆದರೆ 1980ರ ದಶಕದ ಕೊನೆಯಿಂದ ಕಂಪನಿಗಳು ಲೆಕ್ಕವಿಲ್ಲದಷ್ಟು ಕಾರ್ಡು ಅಚ್ಚು ಹಾಕಿದವು. ಮುಂದೆ ಲಾಭವಾದೀತೆಂದು ಪೆಟ್ಟಿಗೆಗಟ್ಟಲೆ ಕೊಂಡಿಟ್ಟವರಿಗೆ ಹೆಚ್ಚಿನವು ರದ್ದಿಯ ಬೆಲೆಗೂ ಹೋಗಲಿಲ್ಲ. ಪೋಷಕರು ಇದನ್ನು ಮರೆಯಬಾರದು.

ಇನ್ನೊಬ್ಬ ಒಂದೇ ತಂಡವನ್ನು ಪ್ರೀತಿಸುವವ. ಟೇಲರ್ ಸೋತನೆಂದು ಅವನ ಕಾರ್ಡನ್ನು ಎಸೆಯುವುದಿಲ್ಲ. ಜೀಟರ್ ಪಕ್ಕದಲ್ಲೇ ಇಡುತ್ತಾನೆ. ವಿಜ್ಞಾನದ ದೃಷ್ಟಿಯಿಂದ ಸರಿಯಾದ ಸಂಗ್ರಹ ಇದೇ. ಗೆದ್ದವರನ್ನಷ್ಟೇ ಉಳಿಸಿಕೊಂಡರೆ ದಾರಿ ಸುಲಭವೆಂದು ತೋರುತ್ತದೆ. ಸೋತವರೂ ಇದ್ದಾಗಲೇ ನಮ್ಮ ಊಹೆ ಎಷ್ಟು ಸಲ ತಪ್ಪಿತೆಂದು ತಿಳಿಯುತ್ತದೆ.

ನಮ್ಮ ದೇಶದ ಇಬ್ಬರೂ ಈ ಮೆಟ್ಟಿಲು ತುಳಿದಿದ್ದಾರೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ಮೇಜರ್ ಲೀಗ್ ಮುಟ್ಟಲಿಲ್ಲ. ಆದರೂ ಅವರ ಕಥೆ 2014ರಲ್ಲಿ ಚಲನಚಿತ್ರವಾಯಿತು.

ನೀವೂ ಮಾಡಿ ನೋಡಿ

ಕಾರ್ಡು ಕಾಪಾಡುವುದೂ ಒಂದು ರಸಾಯನಶಾಸ್ತ್ರದ ಪಾಠ. ಪಿವಿಸಿ ಹಾಳೆಯನ್ನು ಮೆದು ಮಾಡಲು ಬೆರೆಸಿದ ವಸ್ತುಗಳು ಕಾಲಕ್ರಮೇಣ ಹೊರಬಂದು ಚಿತ್ರಕ್ಕೆ ಅಂಟುತ್ತವೆ. ಆದ್ದರಿಂದ ಪಾಲಿಪ್ರೊಪಿಲೀನ್ ಚೀಲ ಒಳ್ಳೆಯದು. ಬಿಸಿಲಿಗೆ ಬಣ್ಣ ಮಾಸುತ್ತದೆ, ತೇವಕ್ಕೆ ರಟ್ಟು ಬಾಗುತ್ತದೆ.

ನಮ್ಮಲ್ಲಿ ಆ ಕಾರ್ಡು ಸಿಗದಿದ್ದರೂ ಚಿಂತೆಯಿಲ್ಲ. ರಾಜ್ಯದ 19 ವರ್ಷದೊಳಗಿನವರ ಕ್ರಿಕೆಟ್ ತಂಡದ ಪಟ್ಟಿಯನ್ನು ಪತ್ರಿಕೆಯಿಂದ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ. ಯಾರು ಮುಂದೆ ಬಂದಾರು, ಏಕೆ ಎಂದು ದಿನಾಂಕ ಹಾಕಿ ಬರೆಯಿರಿ. ಐದು ವರ್ಷ ಬಿಟ್ಟು ತೆರೆದು ನೋಡಿ. ನಡುವೆ ಏನನ್ನೂ ಅಳಿಸಬೇಡಿ.

ತಂದೆ ತಾಯಿಯರಿಗೂ ಒಂದು ಮಾತು. ಎಂಟನೆಯ ತರಗತಿಯ ಅಂಕಪಟ್ಟಿ ನೋಡಿ 'ಇವನಿಂದ ಆಗದು' ಎಂದು ಮೇಷ್ಟರಾದ ನಾನೂ ಅಂದುಕೊಂಡದ್ದುಂಟು. ಎಷ್ಟೋ ಸಲ ತಪ್ಪಿದ್ದೇನೆ. ಅಂಕಪಟ್ಟಿಯೂ ಕಾರ್ಡಿನ ಬೆನ್ನಿನ ಹಾಗೆಯೇ. ಅದರಲ್ಲಿರುವುದು ಆ ಒಂದು ವರ್ಷದ ಲೆಕ್ಕ. 56 ತಪ್ಪುಗಳೂ ಅಂಥದ್ದೇ ಒಂದು ವರ್ಷದ ಲೆಕ್ಕವಾಗಿದ್ದವು.